ಸಿಟ್ಟು ಯಾರ ಮೇಲಿರಬೇಕು, ಮಗಳೇ

ಪ್ರೀತಿಯ ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ನಮ್ಮ ಫುಟ್‌ಬಾಲ್ ತಂಡ ಮ್ಯಾಂಚೆಸ್ಟರ್ ಯುನೈಟೆಡ್ ಬಿಲ್ಬಾವೊದಲ್ಲಿ ಯುರೋಪಾ ಲೀಗ್ ಫೈನಲ್ ಸೋತ ರಾತ್ರಿ ನೀನು ಬರೆದದ್ದನ್ನು ಆಗಲೇ ಓದಿದ್ದೆ. ಉತ್ತರ ಬರೆಯಲು ಬೇಕೆಂದೇ ತಡಮಾಡಿದೆ. ಆ ಹೊತ್ತಿನಲ್ಲಿ ಕೂತು ಬರೆದಿದ್ದರೆ ನಾನೂ ನಿನ್ನ ಹಾಗೆಯೇ ಕೂಗಾಡುತ್ತಿದ್ದೆ. ಈಗ 2025ರ ಜೂನ್ ಬಂದಿದೆ, ಸೀಸನ್ ಮುಗಿದಿದೆ, ಅಂಕಪಟ್ಟಿ ಇನ್ನು ಬದಲಾಗುವುದಿಲ್ಲ. "ಈ ತಂಡಕ್ಕೂ ನನಗೂ ಋಣ ತೀರಿತು, ಮೊದಲು ಆ ಹೊಯ್ಲುಂಡ್‌ನನ್ನು ಓಡಿಸಲಿ" ಎಂದು ಬರೆದಿದ್ದೀಯ. ಮ್ಯಾಂಚೆಸ್ಟರ್ ಯುನೈಟೆಡನ್ನು ಬಿಡುವುದೂ ಬಿಡದಿರುವುದೂ ನಿನ್ನಿಷ್ಟ. ಆದರೆ ನಮ್ಮ ಸ್ಟ್ರೈಕರ್, ಗೋಲು ಹೊಡೆಯಲೆಂದೇ ಮುಂದೆ ನಿಲ್ಲುವ ಆ ಹುಡುಗನ ವಿಷಯದಲ್ಲಿ ನನಗೆ ನಿನ್ನ ಜೊತೆ ಜಗಳವಿದೆ.

ಮೊದಲು ಲೆಕ್ಕ ನೋಡೋಣ. ಪ್ರೀಮಿಯರ್ ಲೀಗಿನ 38 ಪಂದ್ಯಗಳಲ್ಲಿ 11 ಗೆಲುವು, 9 ಡ್ರಾ, 18 ಸೋಲು. 42 ಅಂಕ, 15ನೇ ಸ್ಥಾನ. ಹೊಡೆದದ್ದು 44 ಗೋಲು, ಹೊಡೆಸಿಕೊಂಡದ್ದು 54. 1974ರಲ್ಲಿ ಎರಡನೇ ಡಿವಿಷನ್ನಿಗೆ ಇಳಿದ ಮೇಲೆ ಇಷ್ಟು ಕೆಳಗೆ ನಾವು ಎಂದೂ ಮುಗಿಸಿರಲಿಲ್ಲ. ಹಿಂಬಡ್ತಿಯ ಭಯ ಕೊನೆಯವರೆಗೂ ಕಾಡಲಿಲ್ಲವೆಂದರೆ ಅದು ನಮ್ಮ ಶಕ್ತಿಯಿಂದಲ್ಲ, ಕೆಳಗಿದ್ದ ಮೂವರು ತೀರಾ ದುರ್ಬಲರಾಗಿದ್ದರಿಂದ. ಸೌತಾಂಪ್ಟನ್ ಇಡೀ ಸೀಸನ್ನಿನಲ್ಲಿ ಗಳಿಸಿದ್ದು 12 ಅಂಕ. ಲೆಸ್ಟರ್, ಇಪ್ಸ್‌ವಿಚ್, ಸೌತಾಂಪ್ಟನ್ ಈ ಮೂರರಿಂದ ನಾವು 16 ಅಂಕ ತೆಗೆದುಕೊಂಡೆವು. ಅವನ್ನು ಬಿಟ್ಟರೆ ಉಳಿದ 32 ಪಂದ್ಯಗಳಿಂದ ಬಂದದ್ದು ಬರೀ 26. ಜನವರಿಯಲ್ಲಿ ಬ್ರೈಟನ್ ನಮ್ಮ ಅಂಗಳಕ್ಕೇ ಬಂದು 3-1ರಿಂದ ಗೆದ್ದು ಹೋದಾಗ, ಕ್ಲಬ್ಬಿನ ಇತಿಹಾಸದಲ್ಲೇ ಬಹುಶಃ ಇದು ಅತ್ಯಂತ ಕೆಟ್ಟ ತಂಡ ಎಂದು ಕೋಚ್ ಅಮೊರಿಮ್ ತಾವೇ ಹೇಳಿದರು. ಆ ಮಾತು ನಿನಗೆ ಒರಟಾಗಿ ಕಂಡಿತ್ತು. ನನಗೆ ಸಮಾಧಾನವೇ ಆಯಿತು. ಅಷ್ಟರಲ್ಲಿ ಒಬ್ಬರಾದರೂ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕಿತ್ತು.

ಆದರೆ ಈ ತಂಡ ಕೆಟ್ಟದ್ದು ಮೈದಾನದಲ್ಲಿ ಅಲ್ಲ ಪುಟ್ಟಿ, ಮೈದಾನಕ್ಕೆ ಇಳಿಯುವ ಮೊದಲೇ. 2024ರ ಬೇಸಿಗೆಯನ್ನು ನೆನೆಸಿಕೋ. ಮೇ 25ರಂದು ವೆಂಬ್ಲಿಯಲ್ಲಿ ಗಾರ್ನಾಚೊ ಮತ್ತು ಮೈನೂ ಗೋಲುಗಳಿಂದ ಮ್ಯಾಂಚೆಸ್ಟರ್ ಸಿಟಿಯನ್ನು ಸೋಲಿಸಿ ಎಫ್‌ಎ ಕಪ್ ಗೆದ್ದೆವು. ಅದಾದ ಮೇಲೆ ಆಡಳಿತದವರು ಆಗಿನ ಕೋಚ್ ಟೆನ್ ಹಾಗ್ ಬೇಕೋ ಬೇಡವೋ ಎಂದು ವಾರಗಟ್ಟಲೆ ತೂಗಿದರು, ಬೇರೆ ಕೋಚ್‌ಗಳ ಜೊತೆ ಮಾತಾಡಿದರು. ಕೊನೆಗೆ ಅವರನ್ನೇ ಉಳಿಸಿಕೊಂಡು, ಜುಲೈನಲ್ಲಿ ಒಪ್ಪಂದವನ್ನು 2026ರವರೆಗೆ ವಿಸ್ತರಿಸಿದರು. ಅವರ ಆಟಕ್ಕೆ ಹೊಂದಲಿ ಎಂದು ಡಿ ಲಿಖ್ಟ್, ಮಜ್ರಾವಿ, ಝಿರ್ಕ್ಝೀ, ಉಗಾರ್ತೆ, ಯೊರೊ ಬಂದರು. ಲೀಗಿನ 9 ಪಂದ್ಯ ಆಗುವಷ್ಟರಲ್ಲಿ, ಅಕ್ಟೋಬರ್ 28ರಂದು, ಟೆನ್ ಹಾಗ್‌ರನ್ನು ಮನೆಗೆ ಕಳಿಸಿದರು. ಆಟಗಾರರ ಖರೀದಿಯ ಹೊಣೆಗೆಂದು ಜುಲೈನಲ್ಲಿ ಸೇರಿದ್ದ ಕ್ರೀಡಾ ನಿರ್ದೇಶಕ ಡ್ಯಾನ್ ಆಶ್‌ವರ್ತ್ ಡಿಸೆಂಬರಿನಲ್ಲಿ ಹೊರಗೆ. ಟೆನ್ ಹಾಗ್ ಜಾಗಕ್ಕೆ ಕರೆದಾಗ, ಸೀಸನ್ ಮುಗಿದ ಮೇಲೆ ಬರುತ್ತೇನೆ ಎಂದು ಅಮೊರಿಮ್ ಕೇಳಿಕೊಂಡಿದ್ದರು. ಈಗ ಬಾ, ಇಲ್ಲದಿದ್ದರೆ ಬೇಡ ಎಂದು ಇವರು ಪಟ್ಟು ಹಿಡಿದರು. ಒಬ್ಬರ ಅಳತೆ ಕೊಟ್ಟು ಹೊಲಿಸಿದ ಬಟ್ಟೆಯನ್ನು ಇನ್ನೊಬ್ಬರಿಗೆ ತೊಡಿಸಿದ ಹಾಗಾಯಿತು. ನನ್ನ ಸಿಟ್ಟಿನ ಮುಕ್ಕಾಲು ಪಾಲು ಇಲ್ಲಿದೆ.

ಅಮೊರಿಮ್ ಸ್ಪೋರ್ಟಿಂಗ್‌ನಲ್ಲಿ 2021 ಮತ್ತು 2024ರಲ್ಲಿ ಪೋರ್ಚುಗಲ್ ಲೀಗ್ ಗೆದ್ದದ್ದು ಹಿಂದೆ ಮೂವರನ್ನು, ನಡುವೆ ನಾಲ್ವರನ್ನು, ಮುಂದೆ ಮೂವರನ್ನು ನಿಲ್ಲಿಸುವ 3-4-3 ಆಟದಿಂದ. ಆ ಆಟದ ಜೀವ ಇರುವುದು ಎರಡು ಬದಿಯ ವಿಂಗ್‌ಬ್ಯಾಕ್‌ಗಳಲ್ಲಿ. ಗೆರೆಯ ಪಕ್ಕದಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ತೊಂಬತ್ತು ನಿಮಿಷವೂ ಓಡುವವರು ಬೇಕು. ನಮ್ಮಲ್ಲಿ ಅಂಥವರೇ ಇರಲಿಲ್ಲ. ಬಲಗಾಲಿನ ದಲೋ ಎಡಬದಿಯಲ್ಲಿ ಆಡಬೇಕಾಯಿತು. ಚೆಂಡು ಸಿಕ್ಕಾಗಲೆಲ್ಲ ಅವನು ಒಳಕ್ಕೆ ತಿರುಗುತ್ತಿದ್ದ. ತಿರುಗುವಷ್ಟರಲ್ಲಿ ಎದುರಾಳಿಗಳು ಜಾಗಕ್ಕೆ ಬಂದು ನಿಂತಿರುತ್ತಿದ್ದರು. ಎಡಗಾಲಿನ ದೋರ್ಗು ಇಟಲಿಯ ಲೆಚ್ಚೆ ಕ್ಲಬ್ಬಿನಿಂದ ಬಂದದ್ದು ಫೆಬ್ರವರಿ ಹೊತ್ತಿಗೆ, ಅವನಿಗೂ ಇಪ್ಪತ್ತೇ ವರ್ಷ.

ಇನ್ನು ನಡುವಿನ ಇಬ್ಬರು. ಎದುರಾಳಿಗಳು ಮಧ್ಯದಲ್ಲಿ ಮೂವರನ್ನು ಇಟ್ಟರೆ ನಮ್ಮ ಇಬ್ಬರು ಯಾರ ಹಿಂದೆ ಓಡಬೇಕು? ಡಿಸೆಂಬರ್ 30ರಂದು ನ್ಯೂಕಾಸಲ್ ಎದುರು ಕಸೆಮಿರೊ, ಎರಿಕ್ಸನ್ ಇಬ್ಬರೇ ನಡುವೆ ನಿಂತಿದ್ದರು. ಇಬ್ಬರೂ ಮೂವತ್ತು ದಾಟಿದವರು, ಒಂದು ಕಾಲದ ದೊಡ್ಡ ಆಟಗಾರರು. ಇಪ್ಪತ್ತು ನಿಮಿಷ ಆಗುವ ಮೊದಲೇ ಎರಡು ಗೋಲು ಬಿದ್ದವು. ಇಂಥ ಪಂದ್ಯಗಳಲ್ಲಿ ಬ್ರೂನೊ ಫೆರ್ನಾಂಡಿಸ್ ಕೆಳಕ್ಕೆ ಇಳಿದು ಬಂದು ಚೆಂಡು ಹೊರಬೇಕಾಗುತ್ತದೆ. ಅವನು ಕೆಳಕ್ಕಿಳಿದರೆ ಮುಂದೆ ಇರುವ ಸ್ಟ್ರೈಕರ್‌ಗೆ ಚೆಂಡು ಕೊಡುವವರು ಯಾರು?

ಹೊಯ್ಲುಂಡ್ ಲೀಗಿನಲ್ಲಿ ಹೊಡೆದದ್ದು 4 ಗೋಲು ಎಂದು ನೀನು ಕೆಂಪು ಅಕ್ಷರದಲ್ಲಿ ಬರೆದಿದ್ದೀಯ. ನಿಜ, ಆ ಸಂಖ್ಯೆ ಚಿಕ್ಕದು. ಡಿಸೆಂಬರಿನಿಂದ ಮಾರ್ಚ್ ಮಧ್ಯದಲ್ಲಿ ಲೆಸ್ಟರ್ ಎದುರು ಹೊಡೆಯುವವರೆಗೆ 21 ಪಂದ್ಯ ಒಂದೂ ಗೋಲಿಲ್ಲದೆ ಕಳೆದ. ಅವನ ಮೊದಲ ಸ್ಪರ್ಶ ಇನ್ನೂ ಪಳಗಬೇಕು, ಡಿಫೆಂಡರ್‌ಗೆ ಬೆನ್ನು ಕೊಟ್ಟು ನಿಲ್ಲುವಾಗ ಚೆಂಡು ಕೈತಪ್ಪಿ ಹೋಗುತ್ತದೆ, ಇದನ್ನೆಲ್ಲ ನಾನೂ ನೋಡುತ್ತೇನೆ. ಆದರೆ ಅವನ ಪಂದ್ಯಗಳನ್ನು ಬಿಡುವು ಸಿಕ್ಕಾಗ ಇನ್ನೊಮ್ಮೆ ನೋಡು. ಗೋಲು ನೋಡಬೇಡ, ಅವನ ಓಟ ನೋಡು. ಎಷ್ಟು ಸಲ ಡಿಫೆಂಡರ್ ಹಿಂದಕ್ಕೆ ನುಗ್ಗುತ್ತಾನೆ, ಅದರಲ್ಲಿ ಎಷ್ಟು ಸಲ ಚೆಂಡು ಬರುತ್ತದೆ, ನೀನೇ ಎಣಿಸು. ಇಪ್ಪತ್ತೆರಡು ವರ್ಷದ ಹುಡುಗ. ಅವನ ಪಕ್ಕದಲ್ಲಿ ನಿಂತು ಕಲಿಸಬಲ್ಲ ಹಿರಿಯ ಸ್ಟ್ರೈಕರ್ ಒಬ್ಬನೂ ತಂಡದಲ್ಲಿಲ್ಲ. ಜನವರಿಯಲ್ಲಿ ರ್‍ಯಾಶ್‌ಫರ್ಡ್‌ನನ್ನು ವಿಲ್ಲಾಗೆ, ಆಂಟನಿಯನ್ನು ಬೆಟಿಸ್‌ಗೆ ಎರವಲು ಕಳಿಸಿ, ಬದಲಿಗೆ ಒಬ್ಬ ಫಾರ್ವರ್ಡ್‌ನನ್ನೂ ತರಲಿಲ್ಲ. ಬೆನ್ನಿಗೇ ಅಮಾದ್ ಕಾಲಿಗೆ ಪೆಟ್ಟು. ಫೈನಲ್ಲಿನಲ್ಲೂ ಟಾಟನ್‌ಹ್ಯಾಮ್ ಕೀಪರ್ ವಿಕಾರಿಯೊ ತಪ್ಪಿದಾಗ ತಲೆಯಿಂದ ಚೆಂಡನ್ನು ಗೋಲಿನತ್ತ ಕಳಿಸಿದವನು ಇವನೇ. ಅವರ ಡಿಫೆಂಡರ್ ವಾನ್ ಡಿ ವೆನ್ ಗಾಳಿಯಲ್ಲಿ ಹಾರಿ ಗೆರೆಯ ಮೇಲಿಂದ ಅದನ್ನು ಒದ್ದು ಹೊರಹಾಕದಿದ್ದರೆ ನಿನ್ನ ಪತ್ರ ಬೇರೆಯೇ ಆಗಿರುತ್ತಿತ್ತು.

ಆ ನ್ಯೂಕಾಸಲ್ ಪಂದ್ಯದಲ್ಲೇ 33ನೇ ನಿಮಿಷಕ್ಕೆ ಝಿರ್ಕ್ಝೀಯನ್ನು ವಾಪಸು ಕರೆದಾಗ ನಮ್ಮದೇ ಪ್ರೇಕ್ಷಕರು ಅವನನ್ನು ಹೀಯಾಳಿಸಿದರು. ಅವನು ತಲೆ ತಗ್ಗಿಸಿಕೊಂಡು ನೇರ ಒಳಗೆ ಹೋದ. ನನಗೆ ಈ ಸೀಸನ್ನಿನಲ್ಲಿ ಅತಿ ಹೆಚ್ಚು ನೋವು ಕೊಟ್ಟದ್ದು ಯಾವ ಸೋಲೂ ಅಲ್ಲ, ಆ ಗದ್ದಲ. ಜನವರಿ 12ರಂದು ಎಫ್‌ಎ ಕಪ್‌ನಲ್ಲಿ ಆರ್ಸೆನಲ್ ಎದುರು ಹತ್ತು ಜನರಲ್ಲಿ ಆಡಿ, ಪೆನಾಲ್ಟಿಗಳಿಗೆ ಹೋದಾಗ ಗೆಲುವಿನ ಪೆನಾಲ್ಟಿ ಹೊಡೆದವನು ಅದೇ ಝಿರ್ಕ್ಝೀ. ಮತ್ತೆ ಮಗ್ವೈರ್! ಎಷ್ಟು ವರ್ಷ ಅವನನ್ನು ಆಡಿಕೊಂಡರು, ನಾಯಕತ್ವ ಕಿತ್ತುಕೊಂಡರು. ಏಪ್ರಿಲ್ 17ರಂದು ಯುರೋಪಾ ಲೀಗಿನಲ್ಲಿ ಲಿಯೋನ್ ಎದುರು ಆಡಿದ ಪಂದ್ಯ ಒಂದಕ್ಕಾಗಿಯಾದರೂ ಅವನ ಮೇಲೆ ನನಗೆ ಪ್ರೀತಿ ಉಳಿಯುತ್ತದೆ.

ಆ ಪಂದ್ಯದ ಬಗ್ಗೆ ನೀನು ಒಂದು ಸಾಲೂ ಬರೆದಿಲ್ಲ, ಅದು ಸರಿಯಲ್ಲ. ಎರಡು ಗೋಲು ಮುಂದಿದ್ದೆವು, 2-2 ಆಯಿತು. ತೊಲಿಸ್ಸೊ ಕೆಂಪು ಕಾರ್ಡ್ ಪಡೆದು ಹೊರಹೋದ ಮೇಲೂ, ಹೆಚ್ಚುವರಿ ಸಮಯದಲ್ಲಿ ಹತ್ತು ಜನರ ಲಿಯೋನ್ ನಮ್ಮನ್ನು 4-2ಕ್ಕೆ ತಳ್ಳಿತು. ಜನ ಎದ್ದು ಮನೆಗೆ ಹೊರಟಿದ್ದರು. 114ನೇ ನಿಮಿಷದಲ್ಲಿ ಬ್ರೂನೊ ಪೆನಾಲ್ಟಿ, 120ರಲ್ಲಿ ಮೈನೂ, 121ರಲ್ಲಿ ಮಗ್ವೈರ್‌ನ ತಲೆ. 5-4. ಸ್ಟ್ರೈಕರ್‌ಗಳಿಲ್ಲದ್ದಕ್ಕೆ ಡಿಫೆಂಡರ್‌ನನ್ನು ಮುಂದೆ ಕಳಿಸಿದ್ದರು ಎಂಬುದನ್ನು ಮರೆಯಬೇಡ. ಸಂತೋಷ ಎಷ್ಟೇ ಇದ್ದರೂ ಅದು ತಂಡದ ಬಡತನವನ್ನೂ ತೋರಿಸಿತು. ಮುಂದಿನ ಸುತ್ತಿನಲ್ಲಿ ಅಥ್ಲೆಟಿಕ್ ಬಿಲ್ಬಾವೊವನ್ನು ಅವರದೇ ಸ್ಯಾನ್ ಮಾಮೆಸ್ ಅಂಗಳದಲ್ಲಿ 3-0ರಿಂದ ಸೋಲಿಸಿದೆವು. ಯುರೋಪಾ ಲೀಗಿನಲ್ಲಿ ಫೈನಲ್ ತನಕ ಒಂದೂ ಪಂದ್ಯ ಸೋಲದೆ ಬಂದು, ಮೂರು ವಾರಗಳ ಹಿಂದೆ ಗೆದ್ದ ಅದೇ ಅಂಗಳದಲ್ಲಿ ಟಾಟನ್‌ಹ್ಯಾಮ್‌ಗೆ 1-0ರಿಂದ ಸೋತೆವು. ಅವರೂ ಲೀಗಿನಲ್ಲಿ ನಮಗಿಂತ ಕೆಳಗೆ, 17ನೇ ಸ್ಥಾನದಲ್ಲಿದ್ದರು. ಈ ಸೀಸನ್ನಿನಲ್ಲಿ ನಮ್ಮನ್ನು ನಾಲ್ಕು ಸಲ ಎದುರಿಸಿದರು, ನಾಲ್ಕೂ ಸಲ ಗೆದ್ದರು. ಅವರಿಗೆ ಸಲ್ಲಬೇಕಾದದ್ದು ಅವರಿಗೆ ಸಲ್ಲಲಿ.

ಮಾಲೀಕರ ವಿಷಯ ಬೇರೆಯೇ. 2005ರಲ್ಲಿ ಗ್ಲೇಜರ್ ಕುಟುಂಬ ಸಾಲ ಎತ್ತಿ ಕ್ಲಬ್ ಕೊಂಡಿತು, ಆ ಸಾಲವನ್ನು ಕ್ಲಬ್ಬಿನ ತಲೆಗೇ ಕಟ್ಟಿತು. ಇಪ್ಪತ್ತು ವರ್ಷದಿಂದ ಬಡ್ಡಿ ಕಟ್ಟುತ್ತಿದ್ದೇವೆ, ಮಳೆ ಬಂದರೆ ಓಲ್ಡ್ ಟ್ರಾಫರ್ಡ್ ಸೋರುತ್ತದೆ. 2024ರ ಫೆಬ್ರವರಿಯಲ್ಲಿ ಪಾಲುದಾರರಾಗಿ ಉದ್ಯಮಿ ರ್‍ಯಾಟ್‌ಕ್ಲಿಫ್ ಬಂದಾಗ ಎಲ್ಲರಿಗೂ ಆಸೆಯಿತ್ತು. ಅವರ ಕಾಲದಲ್ಲಿ ನೂರಾರು ಸಿಬ್ಬಂದಿಯ ಕೆಲಸ ಹೋಯಿತು. ಸೀಸನ್ನಿನ ನಡುವೆಯೇ ಉಳಿದ ಟಿಕೆಟ್‌ಗಳಿಗೆ 66 ಪೌಂಡ್ ದರ ಹಾಕಿ, ಮಕ್ಕಳಿಗೂ ಪಿಂಚಣಿದಾರರಿಗೂ ರಿಯಾಯಿತಿ ಇಲ್ಲ ಎಂದರು. ಮಾರ್ಚ್ 9ರಂದು ಆರ್ಸೆನಲ್ ಪಂದ್ಯಕ್ಕೆ ಮುಂಚೆ ಸಾವಿರಾರು ಜನ ಕಪ್ಪು ಬಟ್ಟೆ ತೊಟ್ಟು ಮೆರವಣಿಗೆ ಹೊರಟರಲ್ಲ, ಅದು ಸರಿಯಾದ ಬಾಗಿಲು ತಟ್ಟಿದ ಸಿಟ್ಟು. ಎರಡು ದಿನ ಬಿಟ್ಟು ಒಂದು ಲಕ್ಷ ಜನ ಕೂರುವ ಹೊಸ ಕ್ರೀಡಾಂಗಣದ ಚಿತ್ರ ಬಿಡುಗಡೆ ಮಾಡಿದರು. ಚಿತ್ರ ಚೆನ್ನಾಗಿದೆ. ನನಗೆ ಮೊದಲು ಒಬ್ಬ ಮಿಡ್‌ಫೀಲ್ಡರ್ ಬೇಕು.

ನಮ್ಮ ಮಹಿಳಾ ತಂಡದ ಮಾತೂ ಆಡಬೇಕು, ಏಕೆಂದರೆ ನೀನು ಯುನೈಟೆಡ್ ಎಂದು ಬೈಯುವಾಗ ಅವರನ್ನೂ ಅದರಲ್ಲೇ ಸೇರಿಸಿಬಿಟ್ಟಿದ್ದೀಯ. 2005ರಲ್ಲಿ ಕ್ಲಬ್ ಮಹಿಳಾ ತಂಡವನ್ನು ಮುಚ್ಚಿತ್ತು, 2018ರಲ್ಲಿ ಮತ್ತೆ ಕಟ್ಟಿತು. 2024ರಲ್ಲಿ ಆ ಹುಡುಗಿಯರು ಟಾಟನ್‌ಹ್ಯಾಮನ್ನು 4-0ರಿಂದ ಸೋಲಿಸಿ ಎಫ್‌ಎ ಕಪ್ ಗೆದ್ದರು. ಅದೇ ಬೇಸಿಗೆಯಲ್ಲಿ ಗಂಡಸರ ಕಟ್ಟಡದ ದುರಸ್ತಿಗಾಗಿ ಅವರನ್ನು ಅವರ ಕಟ್ಟಡದಿಂದ ಎಬ್ಬಿಸಿ ತಾತ್ಕಾಲಿಕ ಕೋಣೆಗಳಿಗೆ ಕಳಿಸಿದರು. ಆ ಅವಮಾನ ನುಂಗಿಕೊಂಡು ಈ ಸಲ ಲೀಗಿನಲ್ಲಿ ಮೂರನೆಯವರಾದರು, ಮತ್ತೆ ಕಪ್ ಫೈನಲ್ ತಲುಪಿದರು, ಚಾಂಪಿಯನ್ಸ್ ಲೀಗ್ ಅರ್ಹತಾ ಸುತ್ತಿಗೂ ಜಾಗ ಗಳಿಸಿದರು. ಮುಂದಿನ ಸೀಸನ್ನಿನಲ್ಲಿ ಯುರೋಪಿನಲ್ಲಿ ಕೆಂಪು ಜೆರ್ಸಿ ತೊಡುವವರು ಅವರೇ.

ಋಣ ತೀರಿತು ಎಂದೆಯಲ್ಲ. 1974ರಲ್ಲಿ ತಂಡ ಕೆಳಗಿನ ಡಿವಿಷನ್ನಿಗೆ ಇಳಿದಾಗ, ಆ ವರ್ಷ ಇಡೀ ಇಂಗ್ಲೆಂಡಿನಲ್ಲಿ ಅತಿ ಹೆಚ್ಚು ಪ್ರೇಕ್ಷಕರು ಸೇರಿದ್ದು ಎರಡನೇ ಡಿವಿಷನ್ನಿನ ಓಲ್ಡ್ ಟ್ರಾಫರ್ಡ್‌ನಲ್ಲಿ. ಮರುವರ್ಷವೇ ತಂಡ ಮೇಲಕ್ಕೆ ಬಂತು. ನಿನ್ನನ್ನು ಕಟ್ಟಿಹಾಕಲು ಇದನ್ನು ಹೇಳುತ್ತಿಲ್ಲ. ಜನ ಯಾಕೆ ಹೋದರೆಂದು ನನಗೆ ಗೊತ್ತು, ನಾನೂ ಅದಕ್ಕೇ ನೋಡುತ್ತೇನೆ: ಆ ತಂಡ ಚೆನ್ನಾಗಿ ಆಡುವುದನ್ನು ಕಂಡವರಿಗೆ ಅದು ಮತ್ತೆ ಹಾಗೆ ಆಡುವ ದಿನ ತಪ್ಪಿಹೋಗಬಾರದು ಅನ್ನಿಸುತ್ತದೆ.

ಮುಂದಿನ ವರ್ಷ ಗಂಡಸರಿಗೆ ಯುರೋಪಿನ ಟೂರ್ನಿ ಇಲ್ಲ, ಹೆಚ್ಚಿನ ವಾರಗಳಲ್ಲಿ ಒಂದೇ ಪಂದ್ಯ. ಅಮೊರಿಮ್‌ಗೆ ಕಲಿಸಲು ಸಮಯ ಸಿಗುತ್ತದೆ. ಹಾಗಾಗಿ ಅವರಿಗೆ ನಾನು ಇನ್ನೊಂದಷ್ಟು ತಿಂಗಳು ಕೊಡುತ್ತೇನೆ. ಅಷ್ಟಾದ ಮೇಲೂ ಮಧ್ಯದಲ್ಲಿ ಇದೇ ತೂತು ಕಂಡರೆ ಆಗ ನನ್ನ ತಕರಾರು ಅವರ ಮೇಲೆಯೇ. ಬ್ರೂನೊ ಸೌದಿಯ ಹಣಕ್ಕೆ ಒಲ್ಲೆ ಎಂದು ಉಳಿದಿದ್ದಾನೆ. ವುಲ್ವ್ಸ್‌ನಿಂದ ಕುನ್ಯಾ ಬಂದಿದ್ದಾನೆ, ಡಿಸೆಂಬರ್ 26ರಂದು ಕಾರ್ನರ್‌ನಿಂದ ನೇರವಾಗಿ ನಮಗೇ ಗೋಲು ಹೊಡೆದಿದ್ದನಲ್ಲ, ಅವನೇ. ಲೀಗಿನಲ್ಲಿ 15 ಗೋಲು ಹೊಡೆದವನು. ನನ್ನ ಲೆಕ್ಕದಲ್ಲಿ ಅವನೂ ಅಮಾದ್‌ನೂ ಸ್ಟ್ರೈಕರ್ ಹಿಂದಿನ ಎರಡು ಜಾಗಕ್ಕೆ. ಆಗ ಬ್ರೂನೊ ಕೆಳಗಿನ ಇಬ್ಬರಲ್ಲಿ ಒಬ್ಬನಾಗಬೇಕಾಗುತ್ತದೆ, ಅವನ ಪಕ್ಕದಲ್ಲಿ ಇಬ್ಬರ ಓಟ ಓಡುವ ಒಬ್ಬ ಬೇಕೇ ಬೇಕು. ಕೊಳ್ಳುವುದಿದ್ದರೆ ಸ್ಟ್ರೈಕರ್‌ಗಿಂತ ಮೊದಲು ಅವನನ್ನು ಕೊಳ್ಳಲಿ ಎನ್ನುವುದು ನನ್ನ ವಾದ. ನೀನು ಒಪ್ಪುವುದಿಲ್ಲವೆಂದು ಗೊತ್ತು. ನಿನ್ನ ಹನ್ನೊಂದು ಜನರನ್ನು ಬರೆದು ಕಳಿಸು, ಗೋಲ್‌ಕೀಪರ್‌ನಿಂದ ಶುರುಮಾಡು. ಒನಾನಾನನ್ನು ಇಟ್ಟುಕೊಂಡರೂ ಬಿಟ್ಟರೂ ಕಾರಣ ಬರೆಯಬೇಕು.

ನಿನ್ನ
ಅಮ್ಮ