ನಡೆಯಲಾಗದವರಿಗೂ ವ್ಯಾಯಾಮ ಬೇಕು: ಉತ್ತರ ಕನ್ನಡ ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರಿಗೆ ನಮಸ್ಕಾರಗಳು.

ನಾನು ಶಿರಸಿ ತಾಲ್ಲೂಕಿನ ಒಂದು ಹಳ್ಳಿಯವಳು. ನಮ್ಮನೆಯವರು ಕೊನೆಗೌಡರು, ಅಂದರೆ ಮರ ಹತ್ತಿ ಅಡಿಕೆ ಗೊನೆ ಇಳಿಸುವವರು. ಮಳೆಗಾಲದಲ್ಲಿ ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಯಲು ಅಡಿಕೆ ಮರ ಹತ್ತಿದ್ದಾಗ ಬಿದ್ದು ಬೆನ್ನುಹುರಿಗೆ ಪೆಟ್ಟಾಯಿತು. ಅಂದಿನಿಂದ ಸೊಂಟದ ಕೆಳಗೆ ಸ್ವಾಧೀನವಿಲ್ಲ. ಹುಬ್ಬಳ್ಳಿಯಲ್ಲಿ ಆಪರೇಷನ್ ಆಗಿ ಜೀವ ಉಳಿಯಿತು, ಆ ಡಾಕ್ಟರುಗಳಿಗೆ ಕೈಮುಗಿಯುತ್ತೇನೆ. ಆದರೆ ಮನೆಗೆ ಬಂದ ಮೇಲೆ ಈ ದೇಹವನ್ನು ನೋಡಿಕೊಳ್ಳುವವರು ಯಾರು ಎಂದು ಅರ್ಜಿ ಕೊಟ್ಟು ಕೊಟ್ಟು ಸಾಕಾಗಿದೆ. ಅದಕ್ಕೇ ಎಲ್ಲರ ಎದುರು ಕೇಳುತ್ತಿದ್ದೇನೆ.

ನಮಗೆ ಬೇಕಾದದ್ದು ಒಂದು ಕೋಣೆ. ತಾಲ್ಲೂಕು ಆಸ್ಪತ್ರೆಯಲ್ಲಿ, ಮೆಟ್ಟಿಲಿಲ್ಲದ ಕಡೆ, ಗಾಲಿಕುರ್ಚಿ ಸಲೀಸಾಗಿ ಒಳಗೆ ಹೋಗುವಂಥ ಒಂದು ವ್ಯಾಯಾಮದ ಕೋಣೆ. ಅಲ್ಲಿ ಕೈಯಿಂದ ಪೆಡಲ್ ತಿರುಗಿಸುವ ಯಂತ್ರ, ಕುರ್ಚಿ ಸಮೇತ ತೂಗುವ ಕಾಟಾ, ಬೆನ್ನುಹುರಿ ಪೆಟ್ಟಿನ ಬಗ್ಗೆ ತಿಳಿದ ಒಬ್ಬ ಫಿಸಿಯೋಥೆರಪಿಸ್ಟ್.

ನಡೆಯಲಾಗದವರಿಗೆ ವ್ಯಾಯಾಮ ಎಂತಕ್ಕೆ ಎಂದು ನಿಮಗೂ ಅನ್ನಿಸಬಹುದು. ನಮಗೆ ಅದು ಗೊತ್ತಾದದ್ದು ಒಂದು ಹುಣ್ಣಿನಿಂದ. ಕೂತಲ್ಲೇ ಕೂತು ಅವರ ಪೃಷ್ಠದ ಮೇಲೆ ರೂಪಾಯಿ ಅಗಲದ ಹುಣ್ಣಾಯಿತು. ನೋವು ಗೊತ್ತಾಗುವುದಿಲ್ಲವಲ್ಲ, ಪಂಚೆಗೆ ಕೀವು ಹತ್ತಿದಾಗಲೇ ನಾನು ನೋಡಿದ್ದು. ದಿನಾ ತೊಳೆದು ಮುಲಾಮು ಹಚ್ಚಿದರೂ ಮಾಯಲಿಲ್ಲ. ಕೊನೆಗೆ ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆ ಕಾಯಿಲೆ! ಅಲ್ಲಿಯವರೆಗೆ ಯಾರೂ ಪರೀಕ್ಷೆ ಮಾಡಿಸಿ ಎಂದಿರಲಿಲ್ಲ, ಏಕೆಂದರೆ ಆಳು ತೆಳ್ಳಗೇ ಕಾಣುತ್ತಿದ್ದರು.

ಹುಬ್ಬಳ್ಳಿಯ ಫಿಸಿಯೋಥೆರಪಿಸ್ಟ್ ಒಬ್ಬರು ಬಿಡಿಸಿ ಹೇಳಿದರು. ಊಟದಿಂದ ರಕ್ತಕ್ಕೆ ಬಂದ ಸಕ್ಕರೆಯಲ್ಲಿ ದೊಡ್ಡ ಪಾಲನ್ನು ಎಳೆದುಕೊಳ್ಳುವುದು ಸ್ನಾಯುಗಳು. ಬೆನ್ನುಹುರಿಗೆ ಪೆಟ್ಟಾದರೆ ಕಾಲಿನ ಸ್ನಾಯು ಕರಗಿ ಆ ಜಾಗದಲ್ಲಿ ಕೊಬ್ಬು ಸೇರುತ್ತದೆ. ಹೊಟ್ಟೆಯೊಳಗೂ ಕೊಬ್ಬು ತುಂಬುತ್ತದೆ, ಒಳ್ಳೆಯ ಕೊಲೆಸ್ಟ್ರಾಲ್ ಇಳಿಯುತ್ತದೆ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ತೂಕ ಮಾತ್ರ ಅಷ್ಟೇ ಇರುತ್ತದೆ. ಉಳಿದವರಿಗೆ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, 25 ದಾಟಿದರೆ ತೂಕ ಹೆಚ್ಚು ಅನ್ನುತ್ತಾರೆ, ಇವರಲ್ಲಿ 22 ದಾಟಿದರೇ ಬೊಜ್ಜು ಎಂದು ಹಿಡಿಯಬೇಕಂತೆ. ಆ ಲೆಕ್ಕ ಹಾಕಲಾದರೂ ತೂಗಬೇಕಲ್ಲ? ಎದ್ದು ನಿಲ್ಲಲಾಗದವರನ್ನು ತೂಗುವ ಯಂತ್ರ ಆಸ್ಪತ್ರೆಯಲ್ಲಿ ಇರಲಿಲ್ಲ. ತೋಟದ ಒಡೆಯರ ಮನೆಯಲ್ಲಿ ಅಡಿಕೆ ಮೂಟೆ ತೂಗುವ ಕಾಟಾದ ಮೇಲೆ ಕುರ್ಚಿ ಸಮೇತ ಕೂರಿಸಿ, ಆಮೇಲೆ ಬರೀ ಕುರ್ಚಿ ತೂಗಿ ಕಳೆದೆವು. ಜೀವಮಾನವಿಡೀ ಆ ಮನೆಯ ಕೊನೆ ಇಳಿಸಿದ ಮನುಷ್ಯ ಅಂದು ತಲೆ ತಗ್ಗಿಸಿ ಕೂತಿದ್ದರು.

ಬೆನ್ನುಹುರಿ ಪೆಟ್ಟಾದವರ ವ್ಯಾಯಾಮಕ್ಕೆ 2018ರಲ್ಲಿ ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಬಂದಿದೆ. ಹೃದಯ ಮತ್ತು ಸಕ್ಕರೆಯ ಆರೋಗ್ಯಕ್ಕೆ ವಾರಕ್ಕೆ ಕನಿಷ್ಠ 3 ಸಲ, ಪ್ರತಿ ಸಲ 30 ನಿಮಿಷ, ಉಸಿರು ಜೋರಾಗುವಷ್ಟು ವ್ಯಾಯಾಮ; ಇವರಿಗಾದರೆ ಅದು ಕೈಯಿಂದಲೇ. ವಾರಕ್ಕೆ ಒಂದೂವರೆ ತಾಸು, ಸ್ವಾಮಿ. ಅಷ್ಟಕ್ಕೆ ನಾವು ಘಟ್ಟದ ಮೇಲಿಂದ ಹುಬ್ಬಳ್ಳಿಗೆ ನೂರು ಕಿಲೋಮೀಟರ್ ಬಾಡಿಗೆ ಕಾರಿನಲ್ಲಿ ಹೋಗಬೇಕೆ? ಮನೆಯಲ್ಲೇ ರಬ್ಬರ್ ಪಟ್ಟಿ ಎಳೆಯುತ್ತಾರೆ, ನಿಜ. ಹೇಳಿಕೊಡುವವರಿಲ್ಲದೆ ಎಳೆದು ಭುಜ ಹಿಡಿದುಕೊಂಡಿದೆ. ಅವರಿಗೆ ಕೈಯೂ ಅದೇ, ಕಾಲೂ ಅದೇ. ಭುಜ ಹೋದರೆ ಮಂಚದಿಂದ ಕುರ್ಚಿಗೆ ಬರಲೂ ಆಗುವುದಿಲ್ಲ.

ಈ ಜಿಲ್ಲೆಯದೇ ಒಂದು ಆಸ್ಪತ್ರೆಗೆ ಹೋಗಿದ್ದೆವು. ವ್ಯಾಯಾಮದ ವಿಭಾಗ ಮಹಡಿಯ ಮೇಲೆ, ಲಿಫ್ಟ್ ಕೆಟ್ಟಿತ್ತು. ನನ್ನ ತಮ್ಮ ಮತ್ತು ಯಾರೋ ಪುಣ್ಯಾತ್ಮರು ಸೇರಿ ಕುರ್ಚಿ ಹೊತ್ತು ಮೆಟ್ಟಿಲು ಹತ್ತಿಸಿದರು. ಮೇಲೆ ಕೂತಿದ್ದವರು ಫೈಲ್ ಕೂಡ ತೆರೆಯದೆ, "ಇವರು ಇನ್ನು ನಡೆಯೂದಿಲ್ಲ ಅಲ್ವಾ, ಮತ್ತೆ ಯಾಕೆ ಕರ್ಕೊಂಡು ಬಂದ್ರಿ? ಮನೇಲಿ ಆರಾಮಾಗಿ ಮಲಗಿರಲಿ" ಎಂದರು. ನಮ್ಮನೆಯವರ ಎದುರಿಗೇ ಹೇಳಿದರು. ಇಳಿಯುವಾಗ ಇವರು ಒಂದು ಮಾತೂ ಆಡಲಿಲ್ಲ. ಆರಾಮಾಗಿ ಮಲಗಿದ್ದಕ್ಕೇ ಸಕ್ಕರೆ ಬಂದದ್ದು, ಹುಣ್ಣಾದದ್ದು. ಮಲಗಿ ಸಾಯಲಿ ಎಂದು ನೇರವಾಗಿ ಹೇಳಿದ್ದರೂ ಇಷ್ಟು ಸಿಟ್ಟು ಬರುತ್ತಿರಲಿಲ್ಲವೇನೋ.

ಕಾನೂನು ನಿಮಗೆ ನಾನು ಹೇಳಿಕೊಡಬೇಕಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ, 25ನೇ ಸೆಕ್ಷನ್, ಆಸ್ಪತ್ರೆಯ ಎಲ್ಲ ಭಾಗಕ್ಕೂ ಅಡೆತಡೆಯಿಲ್ಲದೆ ಹೋಗುವಂತಿರಬೇಕು ಎನ್ನುತ್ತದೆ. ಎಲ್ಲ ಭಾಗಕ್ಕೂ.

ಜಿಲ್ಲೆಗೆ ದೊಡ್ಡ ಆಸ್ಪತ್ರೆ ಬೇಕೆಂದು ಕಾರವಾರದಿಂದ ಭಟ್ಕಳದವರೆಗೆ ಜನ ಕೂಗಿ ಕೂಗಿ ದಣಿದಿದ್ದಾರೆ. ಅದು ಆಗಲೇಬೇಕು. ಆದರೆ ಅದು ಬರುವವರೆಗೆ ಈ ಕೋಣೆ ಕಾಯಬೇಕಾಗಿಲ್ಲ. ಮರದಿಂದ ಬಿದ್ದವರು ನಮ್ಮ ಸೀಮೆಯಲ್ಲಿ ನಮ್ಮನೆಯವರೊಬ್ಬರೇ ಅಲ್ಲ, ಪ್ರತಿ ಮಳೆಗಾಲಕ್ಕೂ ಜನ ಮರ ಹತ್ತುತ್ತಲೇ ಇದ್ದಾರೆ.

ಒಂದು ಕೋಣೆ, ಒಂದು ಯಂತ್ರ, ಒಂದು ಕಾಟಾ, ಒಬ್ಬ ಫಿಸಿಯೋಥೆರಪಿಸ್ಟ್. ತಾಲ್ಲೂಕಿಗೊಂದರಂತೆ ಮಾಡಿಸಿ, ಮೊದಲು ಶಿರಸಿಯಲ್ಲಿ ಶುರು ಮಾಡಿ. "ಪರಿಶೀಲಿಸಲಾಗುವುದು" ಎಂಬ ಉತ್ತರ ನಮ್ಮ ಹತ್ತಿರ ಈಗಾಗಲೇ ಇದೆ. ಯಾವ ತಿಂಗಳು ಶುರುವಾಗುತ್ತದೆ, ಯಾರ ಜವಾಬ್ದಾರಿ ಎಂದು ಬರೆದು ತಿಳಿಸಿ.

ಇಂತಿ,
ಶಿರಸಿ ತಾಲ್ಲೂಕಿನ ಒಬ್ಬ ಕೊನೆಗೌಡರ ಹೆಂಡತಿ