ಬೋನಸ್ ಕೊಡುವುದಾದರೆ ಪಾಸಾದವರ ತಲೆ ಎಣಿಸಿ ಕೊಡಬೇಡಿ

ಮಾನ್ಯ ಸಂಪಾದಕರೇ,

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗಲೆಲ್ಲ ಎರಡು ಮಾತು ಏಳುತ್ತವೆ. ಫಲಿತಾಂಶ ಕುಸಿದ ಶಾಲೆಗಳಿಗೆ ನೋಟಿಸ್ ಕೊಡಿ ಎಂಬುದು ಒಂದು, ಚೆನ್ನಾಗಿ ಪಾಠ ಮಾಡಿದವರಿಗೆ ಸಂಬಳದ ಮೇಲೆ ಬೋನಸ್ ಕೊಡಿ ಎಂಬುದು ಇನ್ನೊಂದು. ಬೋನಸ್ಸಿನಿಂದ ಮಕ್ಕಳ ಕಲಿಕೆ ಸುಧಾರಿಸಬಲ್ಲದು. ಆದರೆ ಅಳೆಯುವವರು ಯಾರು, ಅಳೆಯುವುದು ಏನನ್ನು ಎಂಬುದು ಮೊದಲು ಇತ್ಯರ್ಥವಾಗಬೇಕು.

ಇದಕ್ಕೆ ಪಕ್ಕದ ರಾಜ್ಯದಲ್ಲೇ ಸಾಕ್ಷಿಯಿದೆ. 2005ರಲ್ಲಿ ಅವಿಭಜಿತ ಆಂಧ್ರಪ್ರದೇಶದ ಐದು ಜಿಲ್ಲೆಗಳ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಎಂಬ ಅರ್ಥಶಾಸ್ತ್ರಜ್ಞರು ಒಂದು ಪ್ರಯೋಗ ಶುರು ಮಾಡಿದರು. ನಮ್ಮ ಬೆಂಗಳೂರಿನ ಅಜೀಂ ಪ್ರೇಮ್‌ಜಿ ಫೌಂಡೇಶನ್ ಅದರಲ್ಲಿ ಪಾಲುದಾರ. ಶಾಲೆಗಳನ್ನು ಲಾಟರಿ ಎತ್ತಿ ಆರಿಸಿದರು: 100 ಶಾಲೆಗಳಲ್ಲಿ ಶಿಕ್ಷಕರಿಗೆ ಬಿಡಿಬಿಡಿಯಾಗಿ ಬೋನಸ್, 100 ಶಾಲೆಗಳಲ್ಲಿ ಇಡೀ ಶಾಲೆಗೆ ಸೇರಿಸಿ ಬೋನಸ್, ಹೋಲಿಕೆಗೆಂದು ಇನ್ನೂ 100 ಶಾಲೆಗಳಲ್ಲಿ ಏನೂ ಇಲ್ಲ.

ಲೆಕ್ಕ ಸರಳ. ವರ್ಷದ ಆರಂಭದಲ್ಲೊಂದು ಪರೀಕ್ಷೆ, ಕೊನೆಯಲ್ಲೊಂದು. ಸರಾಸರಿ ಅಂಕ ಏರಿದ್ದರಲ್ಲಿ ಮೊದಲ 5 ಅಂಶ ಬಿಟ್ಟು, ಆಮೇಲಿನ ಪ್ರತಿ ಅಂಶಕ್ಕೆ 500 ರೂಪಾಯಿ. ಸರಾಸರಿ ಶೇ 32ರಿಂದ 44ಕ್ಕೆ ಹೋಯಿತೆನ್ನಿ. ಏರಿಕೆ 12, ಅದರಲ್ಲಿ 5 ಕಳೆದರೆ 7, ಬೋನಸ್ 3,500 ರೂಪಾಯಿ. ಒಟ್ಟಾರೆ ಸರಾಸರಿ ಬೋನಸ್ ವಾರ್ಷಿಕ ಸಂಬಳದ ಸುಮಾರು ಶೇ 3ರಷ್ಟು ಮಾತ್ರ. ಆದರೂ ಎರಡು ವರ್ಷದಲ್ಲಿ ಮಕ್ಕಳು ಗಣಿತದಲ್ಲೂ ಭಾಷೆಯಲ್ಲೂ ಮುಂದೆ ಹೋದರು. ಬೋನಸ್ಸಿಗೆ ಸೇರದಿದ್ದ ವಿಜ್ಞಾನ, ಸಮಾಜ ವಿಷಯಗಳಲ್ಲೂ ಸುಧಾರಿಸಿದರು.

ಅದು ಫಲಿಸಿದ್ದು ಹಣದಿಂದಷ್ಟೇ ಅಲ್ಲ. ಪರೀಕ್ಷೆ ನಡೆಸಿದ್ದು ಹೊರಗಿನ ತಂಡ. ಪ್ರತಿ ಮಗುವಿನ ಗುರುತು ನೋಡಿಯೇ ಕೂರಿಸುತ್ತಿದ್ದರು, ಉತ್ತರಪತ್ರಿಕೆಗಳನ್ನು ಶಾಲೆಯಲ್ಲಿ ಬಿಡದೆ ಒಂದೇ ಕಡೆ ಮೌಲ್ಯಮಾಪನ ಮಾಡಿಸುತ್ತಿದ್ದರು. ಮೊದಲ ಪರೀಕ್ಷೆ ಬರೆದ ಮಗು ಕೊನೆಯದಕ್ಕೆ ಬರದಿದ್ದರೆ ಅದರ ಏರಿಕೆ ಸೊನ್ನೆ ಎಂದು ಹಿಡಿಯುತ್ತಿದ್ದರು. ಹಾಗಾಗಿ ದಡ್ಡ ಎನಿಸಿಕೊಂಡ ಹುಡುಗನನ್ನು ‘ನಾಳೆ ಮನೆಯಲ್ಲೇ ಇರು’ ಎಂದು ಕಳಿಸಿ ಲಾಭವಿರಲಿಲ್ಲ.

ನಮ್ಮಲ್ಲಿ ಶೇಕಡಾವಾರು ಪಾಸಿಗೆ ಬೋನಸ್ ಕಟ್ಟಿದರೆ ಏನಾಗುತ್ತದೆ ಎಂಬುದು ಪ್ರೌಢಶಾಲೆಯ ಸ್ಟಾಫ್ ರೂಮಿನಲ್ಲಿ ಕೂತವರಿಗೆಲ್ಲ ಗೊತ್ತು. ಪಾಸಿನ ಗೆರೆಯ ಹತ್ತಿರವಿರುವ ನಾಲ್ಕಾರು ಮಕ್ಕಳಿಗೆ ಡಿಸೆಂಬರ್‌ನಿಂದಲೇ ‘ಪಾಸಿಂಗ್ ಪ್ಯಾಕೇಜ್’ (ಪಾಸಾಗಲು ಸಾಕಾಗುವಷ್ಟು ಆಯ್ದ ಪ್ರಶ್ನೋತ್ತರ) ಉರು ಹೊಡೆಸುವುದು ಆರಂಭವಾಗುತ್ತದೆ. 80 ತೆಗೆಯುವವಳಿಂದ ಹೆಚ್ಚಿನ ಲಾಭವಿಲ್ಲ, 10 ತೆಗೆಯುವವನ ಮೇಲೆ ಆಸೆಯಿಲ್ಲ, ಇಬ್ಬರೂ ಹಿಂದಿನ ಬೆಂಚು. ಅಳತೆಗೋಲಿನ ಕತೆಯೂ ಅಷ್ಟೇ. 2023ರಲ್ಲಿ ಶೇ 83.89 ಇದ್ದ ಎಸ್ಸೆಸ್ಸೆಲ್ಸಿ ಫಲಿತಾಂಶ, ಪರೀಕ್ಷಾ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್ (ಕ್ಯಾಮೆರಾದಲ್ಲಿ ನೇರ ನಿಗಾ) ಬಂದ 2024ರಲ್ಲಿ ಕೃಪಾಂಕ ಹೆಚ್ಚಿಸಿದ ಮೇಲೂ ಶೇ 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಶಿಕ್ಷಕರು ಅಷ್ಟು ಕೆಟ್ಟುಹೋದರೇ? ಅಮೆರಿಕದ ಅಟ್ಲಾಂಟಾದಲ್ಲಿ ಅಂಕದ ಗುರಿಗೂ ಬೋನಸ್ಸಿಗೂ ಗಂಟು ಹಾಕಿದ್ದರು. ಶಿಕ್ಷಕರೇ ಮಕ್ಕಳ ತಪ್ಪು ಉತ್ತರ ಅಳಿಸಿ ತಿದ್ದಿದ್ದು 2011ರ ತನಿಖೆಯಲ್ಲಿ ಬಯಲಾಯಿತು, ಮುಂದೆ ಕೆಲವರಿಗೆ ಶಿಕ್ಷೆಯೂ ಆಯಿತು.

ಇಡೀ ಶಾಲೆಗೆ ಹಂಚಿದರೆ ಜಗಳವಿಲ್ಲ ಎನ್ನುವವರಿದ್ದಾರೆ. ನ್ಯೂಯಾರ್ಕ್ ನಗರ ಹಾಗೆಯೇ ಮಾಡಿ, ಪ್ರಯೋಜನ ಕಾಣದೆ 2011ರಲ್ಲಿ ಕೈಬಿಟ್ಟಿತು. ಆಂಧ್ರದಲ್ಲಿಯೂ ಮೊದಲ ವರ್ಷ ಎರಡೂ ಬಗೆ ಸಮಸಮವಾಗಿದ್ದವು. ಐದು ವರ್ಷದ ಕೊನೆಗೆ ಸ್ಪಷ್ಟವಾಗಿ ಉಳಿದಿದ್ದು ಬಿಡಿ ಬೋನಸ್ಸಿನ ಫಲ ಮಾತ್ರ. ಇನ್ನೊಂದು ಮಾತು: ಬೋನಸ್ಸಿನಿಂದ ಶಿಕ್ಷಕರ ಗೈರುಹಾಜರಿ ಅಲ್ಲಿ ಕಡಿಮೆಯಾಗಲಿಲ್ಲ. ಶಾಲೆಗೆ ಬಂದ ದಿನ ಹೆಚ್ಚು ಕಲಿಸಿದರು, ಮನೆಗೆಲಸ ಕೊಟ್ಟರು, ಹೆಚ್ಚುವರಿ ತರಗತಿ ತೆಗೆದುಕೊಂಡರು, ಅಷ್ಟೇ. ಗೈರಿಗೆ ಮದ್ದು ಬೇರೆ.

ಇನ್ನು ನಮ್ಮ ತೊಡಕುಗಳು. ಎಂಟೇ ಮಕ್ಕಳಿರುವ ತರಗತಿಯಲ್ಲಿ ಜ್ವರ ಬಂದ ಒಬ್ಬನ ಅಂಕ 40 ಕುಸಿದರೆ ಸರಾಸರಿ 5 ಇಳಿಯುತ್ತದೆ. ಮೇಲಿನ ಸೂತ್ರದಲ್ಲಿ ಅದರ ಬೆಲೆ 2,500 ರೂಪಾಯಿ. ಚಿಕ್ಕ ಶಾಲೆಗಳಿಗೆ ಎರಡು ಮೂರು ವರ್ಷದ ಸರಾಸರಿ ಹಿಡಿಯದಿದ್ದರೆ ಅದು ಜೂಜು. ಸರ್ಕಾರಿ ಶಾಲೆಗಳ ಚಟುವಟಿಕೆ ಆಧಾರಿತ ನಲಿ-ಕಲಿ ಪದ್ಧತಿಯಲ್ಲಿ ಒಂದರಿಂದ ಮೂರನೇ ತರಗತಿ ಒಂದೇ ಕೋಣೆಯಲ್ಲಿ ಕೂರುತ್ತವೆ, ಅಲ್ಲಿ ತರಗತಿ ನೋಡದೆ ಮಗುವಿನ ಕಲಿಕೆಯ ಮೆಟ್ಟಿಲು ನೋಡಬೇಕು. ಕೊಯ್ಲು ಮುಗಿದ ಮೇಲೆ ಗುಳೆ ಹೋಗುವ ಮನೆಗಳ ಮಕ್ಕಳಿಗೆ ‘ಬರದಿದ್ದರೆ ಸೊನ್ನೆ’ ನಿಯಮ ಹೇಗೆ ಎಂಬುದನ್ನು ಮೊದಲೇ ಬರೆದಿಡಬೇಕು, ಇಲ್ಲವಾದರೆ ರಾಯಚೂರು, ಯಾದಗಿರಿ ಶಿಕ್ಷಕರಿಗೆ ಬೋನಸ್ ಕನಸೇ. ಜನಗಣತಿ, ಚುನಾವಣೆ, ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಕೆಲಸಕ್ಕೆ ಎಳೆದ ದಿನಗಳನ್ನು ಬೋಧನಾ ದಿನಗಳಿಂದ ಕಳೆಯಬೇಕು.

ಎಲ್ಲಕ್ಕಿಂತ ಮುಖ್ಯವಾಗಿ, ಖಾಲಿ ಹುದ್ದೆಯಲ್ಲಿ ವರ್ಷವಿಡೀ ಪಾಠ ಮಾಡುವವರು ಅತಿಥಿ ಶಿಕ್ಷಕರು. ಮಕ್ಕಳ ಏರಿಕೆ ಅವರದು, ಬೋನಸ್ ಮಾತ್ರ ವರ್ಷದ ಮಧ್ಯೆ ವರ್ಗವಾಗಿ ಬಂದವರದು ಎಂದಾದರೆ ಯೋಜನೆ ಮೊದಲ ವರ್ಷವೇ ಕೋರ್ಟು ಹತ್ತುತ್ತದೆ. ಪಾಠ ಮಾಡಿದ ತಿಂಗಳುಗಳ ಲೆಕ್ಕದಲ್ಲಿ ಅವರಿಗೂ ಪಾಲು ಸಿಗಲಿ.

ಇಲಾಖೆ ಹಣ ತೆಗೆದಿಡುವ ಮುನ್ನ ಈ ಸೂತ್ರವನ್ನು ಜೂನ್ ಮೊದಲ ವಾರದಲ್ಲೇ ಪ್ರತಿ ಶಾಲೆಗೆ ಮುಟ್ಟಿಸಲಿ, ಎರಡೂ ಪರೀಕ್ಷೆಗಳನ್ನು ಬೇರೆ ತಾಲ್ಲೂಕಿನ ತಂಡದಿಂದ ಮಾಡಿಸಲಿ. ಅದೇ ಶಾಲೆಯ ಮುಖ್ಯಶಿಕ್ಷಕರ ಬಳಿ, ಅದೇ ಕ್ಲಸ್ಟರಿನ (ಸುತ್ತಲಿನ ಶಾಲೆಗಳ ಗುಂಪಿನ) ಸಂಪನ್ಮೂಲ ವ್ಯಕ್ತಿಯಾದ ಸಿಆರ್‌ಪಿ ಬಳಿ ಉತ್ತರಪತ್ರಿಕೆ ಬಿಡುವುದಿದ್ದರೆ ಈ ಯೋಜನೆ ಬೇಡ.

— ನಿವೃತ್ತ ಶಿಕ್ಷಣ ಸಂಯೋಜಕ, ಕೊಪ್ಪಳ