ಬ್ರೇಕ್ ಆಯಿಲ್ ಸುರಿದರೆ ರಿಪೇರಿ ಆದಂತಲ್ಲ

ಮಾನ್ಯ ಸಂಪಾದಕರೇ,

ನಾನು ಬೆಳಗಾವಿಯಿಂದ ಗೋವಾಕ್ಕೆ ತರಕಾರಿ ಸಾಗಿಸುವವನು. ಮಾಲೀಕನೂ ನಾನೇ, ಡ್ರೈವರೂ ನಾನೇ. 22 ವರ್ಷದಿಂದ ಇದೇ ಕೆಲಸ. ಗಾಡಿ 2006ರ ಟಾಟಾ 407 ಮಿನಿ ಲಾರಿ. ರಾತ್ರಿ ಕ್ಯಾಬೇಜ್, ಹಸಿಮೆಣಸಿನಕಾಯಿ, ಬಟಾಟೆ ತುಂಬಿಕೊಂಡು ಹೊರಟರೆ ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ್ ಇಳಿಯಬೇಕು. ಬೆಳಗಾಗುವ ಮೊದಲು ಮಾಪುಸಾ ಮಾರ್ಕೆಟ್ ಮುಟ್ಟಬೇಕು. ಕಳೆದ ಮಳೆಗಾಲದಲ್ಲಿ ನನಗಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನಂಥ ಹಳೆ ಗಾಡಿಯವರು ಇದನ್ನು ಓದಬೇಕು.

ಮೊದಲು ಡ್ಯಾಶ್‌ಬೋರ್ಡಿನ ಬ್ರೇಕ್ ಎಚ್ಚರಿಕೆಯ ಕೆಂಪು ದೀಪ ತಿರುವಿನಲ್ಲಿ ಮಾತ್ರ ಹತ್ತಿ ಆರುತ್ತಿತ್ತು. ನೇರ ದಾರಿಯಲ್ಲಿ ಸುದ್ದಿಯೇ ಇಲ್ಲ. ಮೂರ್ನಾಲ್ಕು ದಿನ ಸುಮ್ನೆ ಬಿಟ್ಟೆ. ಆಮೇಲೆ ದಾರಿಯಲ್ಲಿ ಸಿಕ್ಕ ಒಂದು ಗ್ಯಾರೇಜಿನಲ್ಲಿ ತೋರಿಸಿದೆ. ಆ ಹುಡುಗ ಬ್ರೇಕ್ ಆಯಿಲ್ ಡಬ್ಬಿಗೆ ಆಯಿಲ್ ಹಾಕಿದ. ಮಾರನೇ ವಾರ ದೀಪ ಮತ್ತೆ ಹತ್ತಿತು. ಮತ್ತೆ ಅಲ್ಲೇ ಹೋದೆ. 'ಹ್ಯಾಂಡ್‌ಬ್ರೇಕ್ ಸ್ವಿಚ್ ಲೂಸ್ ಆಗೈತ್ರಿ, ದೀಪದ ವೈರ್ ತೆಗೆದು ಬಿಡ್ತೀನಿ' ಅಂದ. ಐದು ನಿಮಿಷದ ಕೆಲಸ, ದೀಪ ಆರಿತು. ವೈರ್ ಕಿತ್ತವನು ಅವನು, 'ಹೂಂ' ಅಂದವನು ನಾನು.

ಆ ದೀಪ ಅಷ್ಟು ದಿನ ನನಗೆ ಏನು ಹೇಳುತ್ತಿತ್ತು ಅನ್ನುವುದು ತಿಳಿದದ್ದು ಆಮೇಲೆ. ಪೆಡಲ್ ಒತ್ತಿದಾಗ ಆಯಿಲನ್ನು ಗಾಲಿಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರ್ ಮೇಲಿನ ಡಬ್ಬಿಯಲ್ಲಿ ತೇಲುವ ಬೆಂಡು ಇರುತ್ತದೆ. ಆಯಿಲ್ ಇಳಿದರೆ ಬೆಂಡೂ ಇಳಿಯುತ್ತದೆ, ದೀಪ ಹತ್ತುತ್ತದೆ. ಆಯಿಲ್ ಇನ್ನೇನು ಗುರುತಿನ ಕೆಳಗೆ ಹೋಗಬೇಕು ಅನ್ನುವಾಗ ತಿರುವಿನಲ್ಲಿ ಅದು ಒಂದು ಕಡೆ ವಾಲುತ್ತದೆ. ಆಗ ದೀಪ ಮಿಣುಕಿ ಹೋಗುತ್ತದೆ. ಹ್ಯಾಂಡ್‌ಬ್ರೇಕಿಗೂ ಅದೇ ದೀಪ ಅಂತ ನಾವು ಸ್ವಿಚ್ಚಿನ ಮೇಲೆ ಹೊರಿಸಿಬಿಡುತ್ತೇವೆ. ಗಾಲಿಯ ಡ್ರಮ್ಮಿಗೆ ಉಜ್ಜಿ ಗಾಡಿ ನಿಲ್ಲಿಸುವ ಲೈನರ್ ಸವೆದಾಗಲೂ ಆಯಿಲ್ ಸ್ವಲ್ಪ ಇಳಿಯುತ್ತದೆ, ನಿಜ. ಆದರೆ ಅದಕ್ಕೆ ತಿಂಗಳುಗಟ್ಟಲೆ ಬೇಕು. ನನ್ನದು ಒಂದೇ ವಾರದಲ್ಲಿ ಎರಡು ಬೆರಳಷ್ಟು ಇಳಿದಿತ್ತು. ಮುಚ್ಚಿದ ಪೈಪಿನೊಳಗಿನ ಆಯಿಲ್ ಹಾಗೆ ಎಲ್ಲಿಗೂ ಹೋಗುವುದಿಲ್ಲ. ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ.

ದೀಪ ಆರಿದ ಎಂಟನೇ ರಾತ್ರಿ ಜೋರು ಮಳೆ. ಕಣಕುಂಬಿಯಲ್ಲಿ ಚಹಾಕ್ಕೆ ನಿಲ್ಲಿಸಿದ್ದೆ. ಕ್ಲೀನರ್ ನನ್ನ ತಂಗಿಯ ಮಗ, ಹತ್ತೊಂಬತ್ತು ವರ್ಷದ ಹುಡುಗ. ಟಾರ್ಚ್ ಹಿಡಿದು ಗಾಲಿ ತಟ್ಟುತ್ತಾ ಹೋದವನು ಹಿಂದಿನ ಎಡಗಾಲಿಯ ಹತ್ತಿರ ನಿಂತ. 'ಮಾಮಾ, ಒಳಗಿನ ಕಡೆ ಹಸಿ ಐತಿ. ಮಳಿ ನೀರಲ್ಲ ಇದು, ಜಾರತೈತಿ' ಅಂದ. ಹಿಂದಿನ ಆಕ್ಸಲ್ ಹೌಸಿಂಗಿನ ಗೇರ್ ಆಯಿಲ್ ಇರಬೇಕು, ಸೀಲ್ ಹೋಗಿದೆ ಅಂತ ನಾನು ಅಂದುಕೊಂಡೆ. ಆದರೆ ಗೇರ್ ಆಯಿಲ್ ದಪ್ಪ, ಗಂಧಕದಂಥ ಕೆಟ್ಟ ವಾಸನೆ. ಇದು ತೆಳ್ಳಗಿತ್ತು. ನೀರು ಹಾಕಿದರೆ ಕಲೆತು ಹೋಯಿತು. ಗೇರ್ ಆಯಿಲ್ ನೀರಿನಲ್ಲಿ ಕಲೆಯುವುದಿಲ್ಲ, ಬ್ರೇಕ್ ಆಯಿಲ್ ಕಲೆಯುತ್ತದೆ.

ಹತ್ತಿ ಕೂತು ಪೆಡಲ್ ಒತ್ತಿ ಹಿಡಿದೆ. ಕಾಲಿನ ಕೆಳಗೆ ಅದು ಮೆಲ್ಲಗೆ ಇಳಿಯುತ್ತಲೇ ಹೋಯಿತು. ಆ ಹೊತ್ತಿನಲ್ಲಿ ನನ್ನ ಕೈ ನಡುಗಿದ್ದು ಇನ್ನೂ ನೆನಪಿದೆ. ಮುಂದೆ ಘಾಟ್ ಇಳಿಜಾರು, ಹಿಂದೆ ಎರಡೂವರೆ ಟನ್ ಲೋಡು, ಪಕ್ಕದಲ್ಲಿ ತಂಗಿಯ ಒಬ್ಬನೇ ಮಗ. ಗಾಡಿ ಅಲ್ಲೇ ನಿಲ್ಲಿಸಿದೆ, ಗಾಲಿಗೆ ಕಲ್ಲು ಕೊಟ್ಟೆ. ಬೆಳಿಗ್ಗೆ ಬೇರೆ ಗಾಡಿ ತರಿಸಿ ಮಾಲು ಬದಲಾಯಿಸಿದೆವು. ಬಾಡಿಗೆ ಹೋಯಿತು, ಮೆಣಸಿನಕಾಯಿ ಅರ್ಧ ಬಾಡಿತು. ವ್ಯಾಪಾರಿಯಿಂದ ಬೈಸಿಕೊಂಡೆ. ಇರಲಿ.

ಬೆಳಗಾವಿಯ ಒಬ್ಬ ಹಿರಿಯ ಮಿಸ್ತ್ರಿ ಡ್ರಮ್ ಬಿಚ್ಚಿದರು. ಲೈನರನ್ನು ಡ್ರಮ್ಮಿಗೆ ಒತ್ತುವ ವೀಲ್ ಸಿಲಿಂಡರಿನ ರಬ್ಬರ್ ಬೂಟ್ ಎತ್ತಿದ ಕೂಡಲೇ ಆಯಿಲ್ ಸುರಿಯಿತು. ನಾಲ್ಕು ತಿಂಗಳ ಹಿಂದೆ ತಾನೆ ಅದಕ್ಕೆ ಹೊಸ ಕಿಟ್, ಅಂದರೆ ಒಳಗಿನ ರಬ್ಬರ್ ಸೀಲುಗಳನ್ನು, ಹಾಕಿಸಿದ್ದೆ. 'ಕಿಟ್ ಹೊಸಾದಾದ್ರ ಏನಾತ್ರಿ, ಸಿಲಿಂಡರ್ ಒಳಗ ತುಕ್ಕು ತಿಂದು ಕುಳಿ ಬಿದ್ದಾವು' ಅಂದರು. ಬೆರಳು ಆಡಿಸಿ ನೋಡಿದೆ, ನಿಜಕ್ಕೂ ಉಗುರು ಸಿಕ್ಕುತ್ತಿತ್ತು. ಕುಳಿ ಬಿದ್ದ ಸಿಲಿಂಡರಿಗೆ ಎಂಥ ರಬ್ಬರ್ ಹಾಕಿದರೂ ನಿಲ್ಲುವುದಿಲ್ಲ. ಸಿಲಿಂಡರನ್ನೇ ಬದಲಿಸಬೇಕು. ಲೈನರ್ ಆಯಿಲ್ ಕುಡಿದಿತ್ತು. ಅದನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವವರಿದ್ದಾರೆ, ಹಾಗೆ ಮಾಡಬಾರದು. ಎರಡೂ ಹಿಂದಿನ ಗಾಲಿಗೆ ಹೊಸ ಲೈನರ್ ಹಾಕಿಸಿದೆ. ಒಂದೇ ಕಡೆ ಹಾಕಿದರೆ ಬ್ರೇಕ್ ಒತ್ತಿದಾಗ ಗಾಡಿ ಎಳೆಯುತ್ತದೆ.

ಇಷ್ಟಾದ ಮೇಲೂ ಹತ್ತು ದಿನಕ್ಕೆ ಆಯಿಲ್ ಮತ್ತೆ ಇಳಿಯಿತು! ಗಾಡಿ ಕೆಳಗೆ ರಾತ್ರಿಯಿಡೀ ರಟ್ಟು ಹಾಸಿದ್ದೆ, ಒಂದು ಹನಿ ಬಿದ್ದಿರಲಿಲ್ಲ. ನಾಲ್ಕೂ ಗಾಲಿ ಒಣಗಿದ್ದವು, ಪೈಪ್, ಹೋಸ್ ಎಲ್ಲ ಸರಿ. ನನಗೆ ತಲೆ ಕೆಟ್ಟಿತ್ತು. ಮಿಸ್ತ್ರಿ ಮಾತಾಡದೆ ಮಾಸ್ಟರ್ ಸಿಲಿಂಡರಿನ ಎರಡು ನಟ್ ಬಿಚ್ಚಿ, ಅದನ್ನು ಅದರ ಹಿಂದಿರುವ ಬೂಸ್ಟರಿನಿಂದ (ಪೆಡಲಿನ ಒತ್ತಡ ಹೆಚ್ಚಿಸುವ ಡಬ್ಬ) ಸ್ವಲ್ಪ ಮುಂದಕ್ಕೆ ಎಳೆದರು. ಹಿಂದೆ ಬಟ್ಟೆ ಹಾಕಿ ಒರೆಸಿದರೆ ಬಟ್ಟೆ ಒದ್ದೆ. ಹಿಂದಿನ ಸೀಲ್ ಹೋಗಿ ಆಯಿಲ್ ಬೂಸ್ಟರ್ ಹೊಟ್ಟೆಗೆ ಸೇರುತ್ತಿತ್ತು. ಹೊರಗೆ ಕಾಣುವುದಾದರೂ ಹೇಗೆ? ಸೋರುವ ಜಾಗ ಒಂದು ಸಿಕ್ಕಿತು ಅಂತ ಹುಡುಕುವುದು ನಿಲ್ಲಿಸಬಾರದು ಅನ್ನುವುದನ್ನು ನಾನು ಅವರಿಂದ ಕಲಿತೆ. ಮಾಸ್ಟರ್ ಸಿಲಿಂಡರ್ ಹೊಸದು ಬಂತು. ಪೈಪಿನೊಳಗೆ ಸೇರಿದ ಏರ್ ತೆಗೆಯುವಾಗ ಅವರು ಶುರು ಮಾಡಿದ್ದು ಪೈಪ್ ಎಲ್ಲಕ್ಕಿಂತ ಉದ್ದ ಇರುವ ಹಿಂದಿನ ಎಡಗಾಲಿಯಿಂದ.

ಆಯಿಲ್ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ರಾತ್ರಿ ದಾರಿಯಲ್ಲಿ ಸಿಗಲಿಲ್ಲ ಅಂತ ಎಂಜಿನ್ ಆಯಿಲ್, ಸ್ಟೀರಿಂಗ್ ಆಯಿಲ್ ಹಾಕಿದವರನ್ನು ನಾನೇ ನೋಡಿದ್ದೇನೆ. ಅದು ಬಿದ್ದರೆ ಒಳಗಿನ ರಬ್ಬರೆಲ್ಲ ಉಬ್ಬುತ್ತದೆ, ಮಾಸ್ಟರಿನಿಂದ ಗಾಲಿಯವರೆಗೆ ಎಲ್ಲವೂ ಹಾಳು. ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಅಂತ ಬರೆದಿರುತ್ತದೆ, ಅದನ್ನೇ ಹಾಕಬೇಕು. ತಿಂಗಳುಗಟ್ಟಲೆ ಬಾಯಿ ತೆರೆದಿಟ್ಟ ಬಾಟಲಿಯದು ಬೇಡ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 3 ಆಯಿಲ್ 205 ಡಿಗ್ರಿವರೆಗೆ ಕುದಿಯಬಾರದು. ತೇವ ಹೀರಿದ್ದು 140ರ ಆಸುಪಾಸಿನಲ್ಲೇ ಕುದಿಯಬಹುದು. ಘಾಟ್ ಇಳಿಯುವಾಗ ಡ್ರಮ್ ಕಾದರೆ ಆ ಶಾಖ ಆಯಿಲ್‌ಗೂ ತಟ್ಟುತ್ತದೆ. ಒಳಗೆ ಆವಿ ಎದ್ದರೆ ಪೆಡಲ್ ಸ್ಪಂಜಿನಂತಾಗುತ್ತದೆ, ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ. ಏರಿದ ಗೇರಿನಲ್ಲೇ ಇಳಿ ಅಂತ ನಮ್ಮ ಹಿರಿಯರು ಹೇಳುತ್ತಿದ್ದುದು ಇದಕ್ಕೇ ಅಲ್ವಾ? ಎಂಜಿನ್ ಹಿಡಿದರೆ ಡ್ರಮ್ ಅಷ್ಟು ಕಾಯುವುದಿಲ್ಲ. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಸುವ ಹುಡುಗರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ಸಾರಿಗೆ ಇಲಾಖೆಯವರಲ್ಲಿ ಒಂದು ವಿನಂತಿ. ಎಂಟು ವರ್ಷ ದಾಟಿದ ನಮ್ಮ ಗಾಡಿಗಳು ಪ್ರತಿ ವರ್ಷ ಪಾಸಿಂಗ್‌ಗೆ (ಫಿಟ್‌ನೆಸ್ ತಪಾಸಣೆಗೆ) ಬರುತ್ತವೆ. ಆಗ ಕೀ ಕೊಟ್ಟು, ಡಬ್ಬಿಯ ಬೆಂಡು ಕೆಳಗೆ ಒತ್ತಿ, ದೀಪ ಹತ್ತುತ್ತದೆಯೇ ಅಂತ ನೋಡಿ. ಒಂದು ನಿಮಿಷವೂ ಬೇಡ. ಕಣಕುಂಬಿಯ ಹತ್ತಿರ, ಇಳಿಜಾರು ಶುರುವಾಗುವ ಮೊದಲೇ, ನಾಲ್ಕೈದು ಲಾರಿ ಒಟ್ಟಿಗೆ ನಿಲ್ಲುವಷ್ಟು ಅಗಲದ ಜಾಗ ಬೇಕು. ಅಲ್ಲಿ ಒಳ್ಳೆಯ ಲೈಟೂ ಇರಬೇಕು. ಕೈಯಲ್ಲಿ ಟಾರ್ಚ್ ಇಲ್ಲದವನೂ ಅಲ್ಲಿ ಇಳಿದು ತನ್ನ ಗಾಲಿ ನೋಡಿಕೊಳ್ಳಲಿ.

ಎಪಿಎಂಸಿಯಿಂದ ಇವತ್ತು ರಾತ್ರಿ ಹೊರಡುವ ತಮ್ಮಂದಿರೇ, ನಿಮ್ಮ ಗಾಡಿಯಲ್ಲೂ ಆ ವೈರನ್ನು ಯಾರಾದರೂ ಕಿತ್ತಿದ್ದರೆ ಲೋಡ್ ತುಂಬುವ ಮೊದಲು ಅದನ್ನು ಜೋಡಿಸಿಕೊಳ್ಳಿ.

– ಒಬ್ಬ ಗಾಡಿ ಮಾಲೀಕ, ವಡಗಾವಿ, ಬೆಳಗಾವಿ